ತಿಂಗಳು ತುಂಬದ ಕಂದಮ್ಮಗಳ ನರ್ಸ್ ಆಗಬೇಕೆಂದರೆ

(ನಮ್ಮ ಸಂಸ್ಥೆಯ ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಅಲ್ಲಲ್ಲಿ ತಿದ್ದಿ ಬರೆದುಕೊಟ್ಟದ್ದು.)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನಮ್ಮ ಯುನಿಟ್‌ನಲ್ಲಿ ಪಿಸುಮಾತಿನಲ್ಲೇ ಮಾತಾಡಬೇಕು, ಮೈಕ್ ಹಿಡಿದು ಮಾತಾಡಿದರೆ ಮಕ್ಕಳು ಬೆಚ್ಚಿಬೀಳುತ್ತವೆ. ಆದ್ದರಿಂದ ಹಿಂದೆ ಕೂತವರಿಗೆ ಕೇಳಿಸದಿದ್ದರೆ ದಯವಿಟ್ಟು ಕೈ ಎತ್ತಿ.

ಈ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ಹೋದ ಯುಗಾದಿ ಕಾರ್ಯಕ್ರಮ ಮುಗಿದು ಎಲ್ಲರೂ ಹೊರಡುತ್ತಿದ್ದಾಗ ಕಾರ್ ಪಾರ್ಕಿನಲ್ಲಿ ಒಬ್ಬಳು ಹುಡುಗಿ ನನ್ನ ಹತ್ತಿರ ಬಂದಳು. ಹನ್ನೆರಡನೇ ಇಯರ್ ಓದುತ್ತಿದ್ದವಳು. ಅವರಪ್ಪ ಅತ್ತ ಡಿಕ್ಕಿಯಲ್ಲಿ ಪಾತ್ರೆ ಜೋಡಿಸುತ್ತಿದ್ದರು. ಇವಳು ತಗ್ಗಿದ ದನಿಯಲ್ಲಿ, "ಆಂಟಿ, ನೀವು ಮಾಡೋ ಕೆಲಸ ನಾನೂ ಮಾಡಬೇಕು, ಹೇಗೆ ಸೇರೋದು? ಅಪ್ಪಂಗೆ ಇನ್ನೂ ಹೇಳಿಲ್ಲ" ಅಂದಳು. ನಾನು ಎರಡು ಮಾತು ಹೇಳುವಷ್ಟರಲ್ಲಿ ಅಪ್ಪ ಹಾರ್ನ್ ಹಾಕಿದರು. ಅವಳು ಇವತ್ತು ಈ ಹಾಲ್‌ನಲ್ಲಿ ಇರಬಹುದು, ಅಪ್ಪನೂ ಇರಬಹುದು. ಯಾರೆಂದು ನಾನು ನೋಡುವುದೂ ಇಲ್ಲ, ಹೇಳುವುದೂ ಇಲ್ಲ. ಕಾರ್ ಪಾರ್ಕಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇವತ್ತು ಎಲ್ಲರಿಗೂ ಸೇರಿಸಿ ಹೇಳುತ್ತೇನೆ. ಯೂಕ್ಯಾಸ್ ಅರ್ಜಿಯ ಗಡುವು ಜನವರಿಯಲ್ಲಿ, ದಿನ ಹೆಚ್ಚಿಲ್ಲ.

ಮೊದಲು ಅಪ್ಪ ಅಮ್ಮಂದಿರಿಗೆ ಒಂದು ಮಾತು. ನಮ್ಮಲ್ಲಿ ನರ್ಸಿಂಗ್ ಅಂದರೆ "ಮೆಡಿಸಿನ್ ಸಿಗಲಿಲ್ಲವೇ ಪಾಪ" ಅನ್ನುವ ಧಾಟಿ ಇನ್ನೂ ಹೋಗಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ವಾಟ್ಸಾಪ್‌ನಲ್ಲಿ ಕೈಮುಗಿದೆವು. ಅದೇ ಮನೆಯ ಮಗಳು ನರ್ಸ್ ಆಗುತ್ತೇನೆ ಅಂದರೆ ಮುಖ ಸಣ್ಣದಾಗುತ್ತದೆ. ನನ್ನ ತಾಯಿಯೂ ಹಾಗೇ ಇದ್ದರು, ಆದ್ದರಿಂದ ಯಾರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಕೆಲಸ ಏನು ಅಂತ ತಿಳಿಯದೆ ಬೇಡ ಅನ್ನಬೇಡಿ. ಅದಕ್ಕೇ ಮೊದಲು ಕೆಲಸದ ಬಗ್ಗೆ ಹೇಳಿ, ಆಮೇಲೆ ದಾರಿಯ ಬಗ್ಗೆ ಹೇಳುತ್ತೇನೆ.

ಮಗು ಹೊಟ್ಟೆಯಲ್ಲಿ 40 ವಾರ ಇರಬೇಕು. 37 ವಾರಕ್ಕೆ ಮುಂಚೆ ಹುಟ್ಟಿದರೆ ಅದನ್ನು ದಿನ ತುಂಬದ ಮಗು ಅನ್ನುತ್ತೇವೆ. ಈ ದೇಶದಲ್ಲಿ ನೂರು ಹೆರಿಗೆಯಲ್ಲಿ ಸುಮಾರು 8 ಹೀಗೆ ಆಗುತ್ತವೆ. "ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ" ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅದು ಸರಿಯಲ್ಲ. ಒಂದೊಂದು ವಾರ ಹೆಚ್ಚು ಒಳಗಿದ್ದಷ್ಟೂ ಮಗುವಿಗೆ ಒಳ್ಳೆಯದು. ಆದರೆ ಅದೇ ಅಜ್ಜಿಯರು ಅಂಥ ಮಗುವನ್ನು ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಮಲಗುತ್ತಿದ್ದರಲ್ಲ, ಅದು ಮಾತ್ರ ಸರಿಯೇ. ಬೆಚ್ಚಗಿಡುವುದೇ ಇವತ್ತಿಗೂ ನಮ್ಮ ಮೊದಲ ಕೆಲಸ.

ಲಂಡನ್ನಿಗೂ ಈ ಕಥೆಗೂ ಹಳೆಯ ನಂಟಿದೆ. 1897ರಲ್ಲಿ ಅರ್ಲ್ಸ್ ಕೋರ್ಟ್‌ನ ವಸ್ತುಪ್ರದರ್ಶನದಲ್ಲಿ ಮಾರ್ಟಿನ್ ಕೌನಿ ಎಂಬುವರು ಇನ್ಕ್ಯುಬೇಟರ್‌ಗಳಲ್ಲಿ ಜೀವಂತ ಶಿಶುಗಳನ್ನು ಮಲಗಿಸಿ ಪ್ರದರ್ಶನಕ್ಕಿಟ್ಟಿದ್ದರು. ಜನ ದುಡ್ಡು ಕೊಟ್ಟು ನೋಡುತ್ತಿದ್ದರು. ಅದನ್ನು ನೋಡಿ ಬೇರೆಯವರೂ ಜಾತ್ರೆ ತಮಾಷೆಗಳಲ್ಲಿ ಹೀಗೆ ಮಕ್ಕಳನ್ನು ಇಡಲು ಶುರುಮಾಡಿದಾಗ 1898ರಲ್ಲಿ ಲ್ಯಾನ್ಸೆಟ್ ಪತ್ರಿಕೆ ತೀವ್ರವಾಗಿ ಆಕ್ಷೇಪಿಸಿತು. ನಾನು ಅರ್ಲ್ಸ್ ಕೋರ್ಟ್ ಸ್ಟೇಷನ್ನಿನಲ್ಲಿ ಟ್ರೈನ್ ಬದಲಿಸುವಾಗಲೆಲ್ಲ ಇದು ನೆನಪಾಗುತ್ತದೆ. ಅಮೆರಿಕದಲ್ಲಿ 1963ರಲ್ಲಿ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿದ. ತೂಕ 2.1 ಕಿಲೋ. ಶ್ವಾಸಕೋಶ ಬಲಿತಿರಲಿಲ್ಲ, 39 ಗಂಟೆಯಲ್ಲಿ ತೀರಿಕೊಂಡ. ಜಗತ್ತಿನ ಅತ್ಯಂತ ಪ್ರಭಾವಶಾಲಿ ಮನೆಯ ಮಗುವಿಗೂ ಆಗ ಕೊಡಲು ಔಷಧಿ ಇರಲಿಲ್ಲ. ಇವತ್ತು ಅಷ್ಟು ತೂಕದ ಮಗುವನ್ನು ನಮ್ಮಲ್ಲಿ ದೊಡ್ಡ ಮಗು ಅನ್ನುತ್ತೇವೆ! ಹುಟ್ಟುವ ಮೊದಲು ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್, ಹುಟ್ಟಿದ ಮೇಲೆ ಮಗುವಿನ ಶ್ವಾಸಕೋಶಕ್ಕೆ ಹಾಕುವ ಸರ್ಫ್ಯಾಕ್ಟಂಟ್, ಇವೆರಡು ಬಂದ ಮೇಲೆ ಕಾಲ ಬದಲಾಯಿತು.

ನಾವು ನೋಡಿಕೊಳ್ಳುವ ಅತಿ ಸಣ್ಣ ಮಕ್ಕಳು ಟೂಟಿಂಗ್ ಅಂಗಡಿಯಲ್ಲಿ ಸಿಗುವ ಅರ್ಧ ಕಿಲೋ ರವೆಯ ಪೊಟ್ಟಣದಷ್ಟು ಇರುತ್ತವೆ. ಚರ್ಮ ಎಷ್ಟು ತೆಳು ಅಂದರೆ ಪ್ಲಾಸ್ಟರ್ ಕಿತ್ತರೆ ಚರ್ಮವೂ ಬರುತ್ತದೆ. ಮೊದಲ ದಿನಗಳಲ್ಲಿ ಹಾಲು ಅರ್ಧ ಮಿಲಿ, ಒಂದು ಮಿಲಿ. ನಿಮ್ಮ ಟೀ ಚಮಚದಲ್ಲಿ 5 ಮಿಲಿ ಹಿಡಿಯುತ್ತದೆ, ಅದರ ಐದನೇ ಒಂದು ಭಾಗ. ಅದನ್ನು ಮೂಗಿನ ಅಥವಾ ಬಾಯಿಯ ನಳಿಕೆಯಿಂದ ಕೊಡುತ್ತೇವೆ. ತಾಯಿಯ ಮೊದಲ ಹಾಲಿನ ಒಂದೊಂದು ಹನಿಯೂ ಬೇಕು. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಾವು ಹಸುವಿನ ಗಿಣ್ಣುಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಚಪ್ಪರಿಸಿ ತಿಂದ ಜನ, ಬಾಣಂತಿಯ ಮೊದಲ ಹಾಲನ್ನು ಮಾತ್ರ ಕೆಟ್ಟದ್ದು ಎಂದು ಎಷ್ಟೋ ಮನೆಗಳಲ್ಲಿ ಚೆಲ್ಲಿದೆವು. ತಾಯಿಗೆ ಹಾಲು ಸಾಲದಿದ್ದರೆ ದಾನದ ಹಾಲು ತರಿಸುತ್ತೇವೆ. ಇಲ್ಲಿನ ಕ್ವೀನ್ ಷಾರ್ಲಟ್ಸ್ ಆಸ್ಪತ್ರೆಯ ಹಾಲಿನ ಬ್ಯಾಂಕ್ 1939ರಲ್ಲಿ ಶುರುವಾದದ್ದು.

ಔಷಧಿಯ ಲೆಕ್ಕ ಕೇಳಿ, ಗಣಿತ ಇಷ್ಟವಿರುವ ಮಕ್ಕಳು ಮನಸ್ಸಿನಲ್ಲೇ ಮಾಡಿ. ಜೆಂಟಾಮೈಸಿನ್ ಎಂಬ ಔಷಧಿ, ಕಿಲೋಗೆ 5 ಮಿಲಿಗ್ರಾಂ ಕೊಡಬೇಕು. ಮಗು 900 ಗ್ರಾಂ. ಅಂದರೆ ನಾಲ್ಕೂವರೆ ಮಿಲಿಗ್ರಾಂ. ಸೀಸೆಯಲ್ಲಿ ಒಂದು ಮಿಲಿಗೆ 10 ಮಿಲಿಗ್ರಾಂ ಇದೆ. ಹಾಗಾದರೆ ಸಿರಿಂಜಿನಲ್ಲಿ ಎಳೆಯಬೇಕಾದ್ದು 0.45 ಮಿಲಿ. ದಶಾಂಶದ ಚುಕ್ಕೆ ಒಂದು ಮನೆ ಆಚೆ ಹೋದರೆ 4.5 ಮಿಲಿ, ಹತ್ತು ಪಟ್ಟು. ಈ ಔಷಧಿ ಹೆಚ್ಚಾದರೆ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು. ಆದ್ದರಿಂದ ಇಬ್ಬರು ನರ್ಸ್‌ಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುತ್ತೇವೆ. ಈ ಒಂದು ಔಷಧಿಯ ಬಗ್ಗೆಯೇ 2010ರಲ್ಲಿ ರೋಗಿಗಳ ಸುರಕ್ಷತಾ ಸಂಸ್ಥೆ ದೇಶಕ್ಕೆಲ್ಲ ಎಚ್ಚರಿಕೆ ಹೊರಡಿಸಿತ್ತು. ಡಾಕ್ಟರ್ ಬರೆದಿದ್ದಾರೆ, ನಾನು ಕೊಟ್ಟೆ ಎನ್ನುವ ಮಾತು ನಮ್ಮಲ್ಲಿ ನಡೆಯುವುದಿಲ್ಲ. ಬರೆದದ್ದು ತಪ್ಪಿದ್ದರೆ "ಇದು ಸರಿಯಿಲ್ಲ" ಎಂದು ಹೇಳುವುದು ನರ್ಸ್‌ನ ಕೆಲಸವೇ.

ಆಮ್ಲಜನಕವೂ ಹಾಗೆಯೇ. ಪ್ರಾಣವಾಯು ಅಲ್ಲವೇ, ಎಷ್ಟು ಕೊಟ್ಟರೂ ಒಳ್ಳೆಯದು ಅಂದುಕೊಳ್ಳುತ್ತೇವೆ. ಹೆಚ್ಚಾದರೆ ಬೆಳೆಯುತ್ತಿರುವ ಕಣ್ಣಿನ ಪರದೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿ ಹೋಗಬಹುದು. ಕಡಿಮೆಯಾದರೆ ಪ್ರಾಣಕ್ಕೇ ಅಪಾಯ. 32 ವಾರಕ್ಕೆ ಮುಂಚೆ ಹುಟ್ಟಿ ಆಮ್ಲಜನಕದ ಮೇಲಿರುವ ಮಗುವಿಗೆ ಮಾನಿಟರ್‌ನಲ್ಲಿ 91ರಿಂದ 95ರ ಒಳಗೆ ಇರಬೇಕು. ನಾಲ್ಕೈದು ಅಂಕಿಯ ಆ ಸಣ್ಣ ಓಣಿಯಲ್ಲಿ ಮಗುವನ್ನು ಹನ್ನೆರಡು ಗಂಟೆ ನಡೆಸಿಕೊಂಡು ಹೋಗುವವಳು ನರ್ಸ್. ಡಾಕ್ಟರ್ ರೌಂಡ್ಸ್ ಬಂದು ಹೋಗುತ್ತಾರೆ, ಮಗುವಿನ ಬಣ್ಣ ಒಂದು ಚೂರು ಬದಲಾದದ್ದು ಕಣ್ಣಿಗೆ ಬೀಳುವುದು ಪಕ್ಕದಲ್ಲಿ ಕೂತವಳಿಗೆ. ಅದಕ್ಕೇ ಇಲ್ಲಿನ ನಿಯಮದಲ್ಲಿ ತೀವ್ರ ನಿಗಾದಲ್ಲಿರುವ ಒಂದು ಮಗುವಿಗೆ ಒಬ್ಬ ನರ್ಸ್, ಅದಕ್ಕಿಂತ ಸ್ವಲ್ಪ ಸುಧಾರಿಸಿದ ಎರಡು ಮಕ್ಕಳಿಗೆ ಒಬ್ಬರು, ಮನೆಗೆ ಹೋಗಲು ತಯಾರಾಗುತ್ತಿರುವ ನಾಲ್ಕು ಮಕ್ಕಳಿಗೆ ಒಬ್ಬರು ಎಂದು ಇದೆ. ಕಾಗದದ ಮೇಲೆ ಇದೆ ಅನ್ನಬೇಕು. ಎಲ್ಲಾ ಪಾಳಿಯಲ್ಲೂ ಅಷ್ಟು ಜನ ಸಿಗುವುದಿಲ್ಲ. ಆದ್ದರಿಂದಲೇ ನಿಮ್ಮ ಮಕ್ಕಳು ಬೇಕು ಅನ್ನುತ್ತಿದ್ದೇನೆ.

ಇನ್ನು ದಾರಿ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಒಂದು ದಾರಿ, ಕರ್ನಾಟಕದಲ್ಲಿ ಓದಿ ಬಂದವರಿಗೆ ಇನ್ನೊಂದು.

ನಮ್ಮ ಊರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಎಂದರೆ ಒಂದೇ. ಇಲ್ಲಿ ಹಾಗಲ್ಲ. ಅರ್ಜಿ ಹಾಕುವಾಗಲೇ ನಾಲ್ಕರಲ್ಲಿ ಒಂದು ಆರಿಸಿಕೊಳ್ಳಬೇಕು: ವಯಸ್ಕರದು, ಮಕ್ಕಳದು, ಮಾನಸಿಕ ಆರೋಗ್ಯದ್ದು, ಕಲಿಕಾ ನ್ಯೂನತೆಯದು. ನವಜಾತ ಶಿಶು ಎಂದು ಪ್ರತ್ಯೇಕ ಡಿಗ್ರಿ ಇಲ್ಲ. ಮಕ್ಕಳ ನರ್ಸಿಂಗ್ ಅಂದರೆ ಚಿಲ್ಡ್ರನ್ಸ್ ನರ್ಸಿಂಗ್ ನೇರವಾದ ದಾರಿ. ಆದರೆ ವಯಸ್ಕರ ನರ್ಸಿಂಗ್ ಓದಿದವರನ್ನೂ, ಮಿಡ್‌ವೈಫ್‌ಗಳನ್ನೂ ಬಹಳ ಯುನಿಟ್‌ಗಳು ತೆಗೆದುಕೊಳ್ಳುತ್ತವೆ. ಹಾಗಾಗಿ ಈಗಾಗಲೇ ವಯಸ್ಕರ ಕೋರ್ಸಿಗೆ ಸೇರಿದ ಮಕ್ಕಳು ತಪ್ಪಾಯಿತು ಎಂದು ಪೇಚಾಡಬೇಕಿಲ್ಲ.

ಕೋರ್ಸ್ ಸಾಮಾನ್ಯವಾಗಿ ಮೂರು ವರ್ಷ. ಲಂಡನ್ನಿನಲ್ಲೇ ಕಿಂಗ್ಸ್ ಕಾಲೇಜ್, ಸಿಟಿ ಸೇಂಟ್ ಜಾರ್ಜಸ್, ಸೌತ್ ಬ್ಯಾಂಕ್, ಕಿಂಗ್‌ಸ್ಟನ್, ಮಿಡ್ಲ್‌ಸೆಕ್ಸ್, ಗ್ರೀನಿಚ್, ವೆಸ್ಟ್ ಲಂಡನ್ ವಿಶ್ವವಿದ್ಯಾಲಯಗಳು ಮಕ್ಕಳ ನರ್ಸಿಂಗ್ ಕಲಿಸುತ್ತವೆ. ಜಿ.ಸಿ.ಎಸ್.ಇ.ಯಲ್ಲಿ ಇಂಗ್ಲಿಷ್ ಮತ್ತು ಗಣಿತ ಪಾಸಾಗಿರಲೇಬೇಕು. ಎ ಲೆವೆಲ್ ಅಂಕ ಒಂದೊಂದು ಕಡೆ ಒಂದೊಂದು ತರಹ ಕೇಳುತ್ತಾರೆ, ಅವರವರ ಪುಟದಲ್ಲೇ ನೋಡಿ. ಮಕ್ಕಳು ದೊಡ್ಡವರಾಗಿ ಈಗ ಓದೋಣ ಅನ್ನುವ ಅಮ್ಮಂದಿರು ನಮ್ಮಲ್ಲಿ ಇದ್ದಾರೆ. ಅವರಿಗೆ ಆಕ್ಸೆಸ್ ಡಿಪ್ಲೊಮಾ ಎಂಬ ಒಂದು ವರ್ಷದ ಕೋರ್ಸ್ ಸ್ಥಳೀಯ ಕಾಲೇಜುಗಳಲ್ಲಿದೆ, ಅದರಿಂದ ಡಿಗ್ರಿಗೆ ಹೋಗಬಹುದು. ನಲವತ್ತು ದಾಟಿದವರು ನನ್ನ ಜೊತೆ ಕೆಲಸ ಮಾಡುತ್ತಿದ್ದಾರೆ.

ದುಡ್ಡಿನ ವಿಷಯ. ಹಿಂದೆ ನರ್ಸಿಂಗ್ ಓದುವವರಿಗೆ ಫೀಸಿಲ್ಲದೆ ಬರ್ಸರಿ ಇತ್ತು, 2017ರಲ್ಲಿ ಇಂಗ್ಲೆಂಡಿನಲ್ಲಿ ಹೊಸಬರಿಗೆ ಅದು ನಿಂತಿತು. ಈಗ ಬೇರೆ ಡಿಗ್ರಿಗಳಂತೆ ಸಾಲ ತೆಗೆದುಕೊಳ್ಳಬೇಕು. ಆದರೆ 2020ರ ಸೆಪ್ಟೆಂಬರಿನಿಂದ ವರ್ಷಕ್ಕೆ 5000 ಪೌಂಡ್ ಹಿಂದಿರುಗಿಸಬೇಕಿಲ್ಲದ ಸಹಾಯಧನ ಕೊಡುತ್ತಾರೆ. ಕೆಲಸ ಮಾಡುತ್ತಾ ಸಂಬಳ ಪಡೆದು ಓದುವ ಅಪ್ರೆಂಟಿಸ್‌ಶಿಪ್ ದಾರಿಯೂ ಇದೆ. ಒಂದು ಎಚ್ಚರಿಕೆ: ಇತ್ತೀಚೆಗೆ ಕೆಲಸದ ವೀಸಾ ಮೇಲೆ ಬಂದ ಕುಟುಂಬಗಳ ಮಕ್ಕಳನ್ನು ಎಷ್ಟೋ ಸಲ ವಿದೇಶಿ ವಿದ್ಯಾರ್ಥಿ ಎಂದು ಲೆಕ್ಕ ಹಾಕುತ್ತಾರೆ. ಆಗ ಸಾಲವೂ ಇಲ್ಲ, ಸಹಾಯಧನವೂ ಇಲ್ಲ, ಫೀಸು ಬಹಳ ಹೆಚ್ಚು. ಅರ್ಜಿ ಹಾಕುವ ಮೊದಲೇ ವಿಶ್ವವಿದ್ಯಾಲಯದ ಕಚೇರಿಗೆ ಬರೆದು ಕೇಳಿ. ಸೀಟು ಸಿಕ್ಕಿದ ಮೇಲೆ ಇದು ಗೊತ್ತಾಗಿ ಕಣ್ಣೀರು ಹಾಕಿದ ಮನೆಯನ್ನು ನಾನು ನೋಡಿದ್ದೇನೆ.

ಡಿಗ್ರಿಯ ಅರ್ಧ ಓದು, ಅರ್ಧ ಆಸ್ಪತ್ರೆ. ಒಟ್ಟು 4600 ಗಂಟೆಯಲ್ಲಿ 2300 ಗಂಟೆ ಪ್ಲೇಸ್‌ಮೆಂಟ್. ಇಲ್ಲೇ ವಿದ್ಯಾರ್ಥಿಗಳು ಎಡವುವುದು. ನವಜಾತ ಶಿಶು ಘಟಕದ ಪ್ಲೇಸ್‌ಮೆಂಟ್ ಎಲ್ಲರಿಗೂ ತಾನಾಗಿ ಬರುವುದಿಲ್ಲ. ಬಾಯಿ ಬಿಟ್ಟು ಕೇಳಬೇಕು. ನಮ್ಮ ಮಕ್ಕಳಿಗೆ ನಾವು ಕಲಿಸಿದ್ದು "ದೊಡ್ಡವರು ಕೊಟ್ಟದ್ದು ತಗೋ, ಕೇಳಬೇಡ" ಅಂತ. ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಮೊದಲ ವರ್ಷವೇ ನಿಮ್ಮ ಟ್ಯೂಟರ್‌ಗೆ "ನನಗೆ ನಿಯೋನೇಟಲ್ ಆಸಕ್ತಿ" ಎಂದು ಬರೆದು ತಿಳಿಸಿ. ಪ್ಲೇಸ್‌ಮೆಂಟ್ ಆಫೀಸಿಗೆ ಮತ್ತೆ ನೆನಪಿಸಿ. ಸಿಗಲೇ ಇಲ್ಲವೆಂದರೆ ಹೆರಿಗೆಯ ನಂತರದ ವಾರ್ಡ್‌ಗೆ ಹೋದಾಗ ಅಲ್ಲಿನ ಸಿಸ್ಟರ್‌ನ್ನು ಕೇಳಿ ಒಂದೆರಡು ದಿನ ಬೇಬಿ ಯುನಿಟ್‌ಗೆ ಕಳಿಸಿ ಅನ್ನಿ. ಮನೆಗೆ ಹೋದ ಮಕ್ಕಳನ್ನು ನೋಡಲು ಹೋಗುವ ಔಟ್‌ರೀಚ್ ನರ್ಸ್‌ಗಳ ಜೊತೆ ಒಂದು ದಿನ ಕಾರಿನಲ್ಲಿ ಸುತ್ತಿ ಬನ್ನಿ, ನಾನು ಕಲಿತದ್ದರಲ್ಲಿ ಅರ್ಧ ಆ ಕಾರಿನಲ್ಲೇ. ಕೊನೆಯ ವರ್ಷದ ಕೊನೆಯ ಪ್ಲೇಸ್‌ಮೆಂಟ್ ಬೇಬಿ ಯುನಿಟ್‌ನಲ್ಲೇ ಸಿಕ್ಕರೆ ಅದನ್ನು ಉದ್ದದ ಸಂದರ್ಶನ ಎಂದೇ ತಿಳಿಯಿರಿ.

ಪ್ಲೇಸ್‌ಮೆಂಟ್‌ಗೆ ಬಂದ ಮಕ್ಕಳು ವೆಂಟಿಲೇಟರ್ ಮುಟ್ಟಬೇಕೆಂದು ಆತುರಪಡುತ್ತಾರೆ. ಅದು ಬೇಡ. ಕೈ ತೊಳೆಯುವುದು ಸರಿಯಾಗಿ ಕಲಿಯಿರಿ. ಮೊಣಕೈ ಕೆಳಗೆ ಏನೂ ಇರಬಾರದು. ಗಾಜಿನ ಬಳೆ, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೈದಾರ, ವಾಚು ಎಲ್ಲ ಮನೆಯಲ್ಲಿ. ನಾನು ಮೊದಲ ದಿನ ಬಳೆ ತೆಗೆದಾಗ ನಮ್ಮತ್ತೆ ಫೋನಿನಲ್ಲಿ ಅತ್ತಿದ್ದರು! ಮಗುವಿನ ಡಯಾಪರ್ ಬದಲಿಸುವಾಗ ಹೃದಯದ ಬಡಿತ ಎಷ್ಟು ಇಳಿಯುತ್ತದೆ, ಮತ್ತೆ ಎಷ್ಟು ಹೊತ್ತಿಗೆ ಏರುತ್ತದೆ ನೋಡಿ. ಅಲಾರಂ ಹೊಡೆದರೆ ಮೊದಲು ಮಗುವನ್ನು ನೋಡಿ, ಆಮೇಲೆ ಯಂತ್ರ. ಇದಕ್ಕಿಂತ ಮುಖ್ಯ, ಇನ್ಕ್ಯುಬೇಟರ್ ಪಕ್ಕದಲ್ಲಿ ಏನು ಮಾಡಬೇಕೆಂದು ತೋಚದೆ ಕೂತ ತಾಯಿಯ ಜೊತೆ ಕೂರುವುದನ್ನು ಕಲಿಯಿರಿ.

ಒಂದು ರಾತ್ರಿಯ ಮಾತು. ನಮ್ಮ ಕಡೆಯದೇ ಒಂದು ಕುಟುಂಬ, 26 ವಾರಕ್ಕೆ ಮಗು. ತಾಯಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಹೆದರಿಕೆಯಲ್ಲಿ ಎಲ್ಲ ಮರೆತುಹೋಗಿತ್ತು. ಊರಿನಿಂದ ಬಾಣಂತನಕ್ಕೆ ಬಂದ ಅಜ್ಜಿ ಬಾಗಿಲ ಬಳಿ ನಿಂತು ನನ್ನ ಹೆಸರಿನ ಬ್ಯಾಡ್ಜ್ ಓದಿಸಿಕೊಂಡು, "ಏನಮ್ಮ, ನೀನು ನಮ್ಮೋಳಾ?" ಅಂದರು. ಹೌದಜ್ಜಿ ಅಂದೆ. ಅಷ್ಟಕ್ಕೇ ಕೈ ಹಿಡಿದುಕೊಂಡರು. ಹನ್ನೊಂದನೇ ದಿನ ನಾಮಕರಣ ಮಾಡಬೇಕು, ಮಗು ಗಾಜಿನ ಪೆಟ್ಟಿಗೆಯಲ್ಲಿದೆ, ತೊಟ್ಟಿಲೆಲ್ಲಿ? ದೀಪ ಹಚ್ಚುವಂತಿಲ್ಲ, ಆಮ್ಲಜನಕ ಇದೆ. ಸಿಸ್ಟರ್ ಇನ್‌ಚಾರ್ಜ್‌ಗೆ ಹೇಳಿದೆ. ಅವರು ಐರ್ಲೆಂಡಿನವರು, ಒಂದು ಪ್ರಶ್ನೆಯನ್ನೂ ಕೇಳದೆ ಪರದೆ ಎಳೆದು ಹತ್ತು ನಿಮಿಷ ಕೊಟ್ಟರು. ಅಜ್ಜಿ ಇನ್ಕ್ಯುಬೇಟರ್‌ನ ಕಿಟಕಿಯಿಂದ ಬಾಯಿ ಹತ್ತಿರ ಇಟ್ಟು ಮೂರು ಸಲ ಹೆಸರು ಕರೆದರು. ಆ ಮಗು ಎಂಬತ್ತು ಚಿಲ್ಲರೆ ದಿನ ನಮ್ಮಲ್ಲಿದ್ದು ಮನೆಗೆ ಹೋಯಿತು. ಎಲ್ಲಾ ಮಕ್ಕಳೂ ಹೋಗುವುದಿಲ್ಲ. ಅದನ್ನೂ ಹೇಳಬೇಕು. ಕೆಲವನ್ನು ನಾವೇ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಪಾದದ ಅಚ್ಚು ತೆಗೆದು ತಾಯಿಯ ಕೈಗೆ ಕೊಡುತ್ತೇವೆ. ಅಂಥ ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತಾಗ ಮನೆಯ ನಿಲ್ದಾಣ ದಾಟಿ ಹೋದದ್ದುಂಟು. ಯುನಿಟ್‌ಗಳಲ್ಲಿ ಇದಕ್ಕೆ ಮನಶ್ಶಾಸ್ತ್ರಜ್ಞರ ಸಹಾಯ ಈಗ ಸಿಗುತ್ತದೆ, ಕೇಳಲು ನಾಚಿಕೆ ಪಡಬೇಡಿ. ಮಗಳು ಪಾಳಿ ಮುಗಿಸಿ ಬಂದು ಸುಮ್ಮನೆ ಕೂತರೆ "ಯಾಕೆ ಮಂಕಾಗಿದ್ದೀ" ಎಂದು ಕೆದಕದೆ ಒಂದು ಲೋಟ ಕಾಫಿ ಕೊಡಿ ಎಂದು ಅಪ್ಪ ಅಮ್ಮಂದಿರಿಗೆ ನನ್ನ ವಿನಂತಿ.

ಡಿಗ್ರಿ ಮುಗಿಯುವ ಆರು ತಿಂಗಳ ಮುಂಚೆಯೇ ಕೆಲಸಕ್ಕೆ ಅರ್ಜಿ ಹಾಕಲು ಶುರುಮಾಡಿ. ಎನ್.ಎಚ್.ಎಸ್. ಜಾಬ್ಸ್ ಜಾಲತಾಣದಲ್ಲಿ ಜಾಹೀರಾತು ಬರುತ್ತವೆ. ಲಂಡನ್ನಿನಲ್ಲಿ ಮೂರು ಮಟ್ಟದ ಘಟಕಗಳಿವೆ. ಅತಿ ಚಿಕ್ಕ, ಅತಿ ಕಾಯಿಲೆಯ ಮಕ್ಕಳು ಹೋಗುವ ದೊಡ್ಡ ಐ.ಸಿ.ಯು.ಗಳೆಂದರೆ ಸೇಂಟ್ ಥಾಮಸ್, ಕಿಂಗ್ಸ್, ಟೂಟಿಂಗ್‌ನ ಸೇಂಟ್ ಜಾರ್ಜಸ್, ವೈಟ್‌ಚಾಪೆಲ್‌ನ ರಾಯಲ್ ಲಂಡನ್, ಹೋಮರ್ಟನ್, ಯು.ಸಿ.ಎಲ್.ಎಚ್., ಕ್ವೀನ್ ಷಾರ್ಲಟ್ಸ್, ಚೆಲ್ಸಿ ಅಂಡ್ ವೆಸ್ಟ್‌ಮಿನ್ಸ್ಟರ್ ಮುಂತಾದವು. ಅದರ ಕೆಳಗೆ ನಾರ್ಥ್‌ವಿಕ್ ಪಾರ್ಕ್, ಹಿಲಿಂಗ್ಡನ್, ಕ್ರಾಯ್ಡನ್, ಕಿಂಗ್‌ಸ್ಟನ್ ಇಂಥ ಆಸ್ಪತ್ರೆಗಳ ಲೋಕಲ್ ಯುನಿಟ್‌ಗಳು. ದೊಡ್ಡದರಲ್ಲೇ ಶುರುಮಾಡಬೇಕೆಂಬ ಹಟ ಬೇಡ. ನನ್ನ ಅಭಿಪ್ರಾಯದಲ್ಲಿ ಚಿಕ್ಕ ಯುನಿಟ್‌ನಲ್ಲಿ ಒಂದೆರಡು ವರ್ಷ ಆರೋಗ್ಯವಾಗಿ ಬೆಳೆಯುತ್ತಿರುವ ಮಗು ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸವಾದವರಿಗೇ ಕಾಯಿಲೆಯ ಮಗು ಬೇಗ ಗೊತ್ತಾಗುತ್ತದೆ. ಇದಕ್ಕೆ ಒಪ್ಪದವರೂ ಇದ್ದಾರೆ.

ಒಂದು ನಿಜ ಮುಚ್ಚಿಡಬಾರದು. ಹೊಸದಾಗಿ ಪಾಸಾದ ನರ್ಸ್‌ಗಳಿಗೆ ಮೊದಲಿನಷ್ಟು ಸಲೀಸಾಗಿ ಕೆಲಸ ಸಿಗದ ಪರಿಸ್ಥಿತಿ ಇತ್ತೀಚೆಗೆ ಬಂದಿದೆ. ವಾರ್ಡ್‌ನಲ್ಲಿ ಜನ ಸಾಲದು, ಆದರೆ ನೇಮಕಕ್ಕೆ ದುಡ್ಡಿಲ್ಲ. 2025ರ ಆಗಸ್ಟಿನಲ್ಲಿ ಸರ್ಕಾರವೇ ಹೊಸ ಪದವೀಧರ ನರ್ಸ್‌ಗಳಿಗೆ ಕೆಲಸದ ಭರವಸೆಯ ಯೋಜನೆ ಪ್ರಕಟಿಸಬೇಕಾಯಿತು. ಆದ್ದರಿಂದ ಒಂದೇ ಯುನಿಟ್‌ಗೆ ಅರ್ಜಿ ಹಾಕಿ ಕೂರಬೇಡಿ. ವಿದ್ಯಾರ್ಥಿಯಾಗಿರುವಾಗಲೇ ಆಸ್ಪತ್ರೆಯ ಬ್ಯಾಂಕ್‌ನಲ್ಲಿ ಹೆಲ್ತ್‌ಕೇರ್ ಅಸಿಸ್ಟೆಂಟ್ ಆಗಿ ವಾರಾಂತ್ಯದ ಪಾಳಿ ಮಾಡಿದರೆ ಕೈಖರ್ಚೂ ಆಗುತ್ತದೆ, ಜನರ ಪರಿಚಯವೂ ಆಗುತ್ತದೆ. ಸಂದರ್ಶನಕ್ಕೆ ಮುಂಚೆ ಯುನಿಟ್ ನೋಡಲು ಬರಬಹುದೇ ಎಂದು ಮ್ಯಾನೇಜರ್‌ಗೆ ಬರೆಯಿರಿ. ಔಷಧಿ ಲೆಕ್ಕ ಕೊಡುತ್ತಾರೆ, ಮಗುವಿನ ಸುರಕ್ಷತೆಯ ಬಗ್ಗೆ ಅನುಮಾನ ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. "ನನಗೆ ಪುಟ್ಟ ಮಕ್ಕಳೆಂದರೆ ಇಷ್ಟ" ಎಂಬ ಉತ್ತರ ಸಾಲದು, ಅದನ್ನು ಎಲ್ಲರೂ ಹೇಳುತ್ತಾರೆ.

ಸೇರಿದಾಗ ಬ್ಯಾಂಡ್ 5. ಲಂಡನ್ನಿನ ಒಳಭಾಗದಲ್ಲಿ ಮೂಲ ಸಂಬಳದ ಮೇಲೆ ನೂರಕ್ಕೆ 20, ಹೊರಭಾಗದಲ್ಲಿ ನೂರಕ್ಕೆ 15 ಭತ್ಯೆ ಸೇರುತ್ತದೆ, ಅದಕ್ಕೆ ಮಿತಿಗಳಿವೆ. ರಾತ್ರಿ ಪಾಳಿ, ಭಾನುವಾರದ ಪಾಳಿಗೆ ಹೆಚ್ಚಿನದು ಬೇರೆ. ಮೊದಲ ಕೆಲವು ವಾರ ನಿಮ್ಮನ್ನು ಲೆಕ್ಕಕ್ಕೆ ಹಿಡಿಯದೆ ಹಿರಿಯರ ಜೊತೆ ಬಿಡುತ್ತಾರೆ. ಮನೆಗೆ ಹೋಗುವ ಹಂತದ ಮಕ್ಕಳಿಂದ ಶುರುಮಾಡಿ ನಿಧಾನಕ್ಕೆ ಒಳಕೋಣೆಗೆ ಕರೆದೊಯ್ಯುತ್ತಾರೆ. ಸುಮಾರು ಒಂದು ವರ್ಷ ಕಳೆದ ಮೇಲೆ ವಿಶ್ವವಿದ್ಯಾಲಯದಲ್ಲಿ ಕ್ಯೂ.ಐ.ಎಸ್. ಎಂಬ ವಿಶೇಷ ತರಬೇತಿಗೆ ಕಳಿಸುತ್ತಾರೆ. ಹುಟ್ಟಿದ ಮಗು ಉಸಿರಾಡದಿದ್ದರೆ ಏನು ಮಾಡಬೇಕೆಂಬ ಎನ್.ಎಲ್.ಎಸ್. ಕೋರ್ಸೂ ಇದೆ. ಯುನಿಟ್‌ನ ನೋಂದಾಯಿತ ನರ್ಸ್‌ಗಳಲ್ಲಿ ನೂರಕ್ಕೆ 70 ಮಂದಿಗೆ ಕ್ಯೂ.ಐ.ಎಸ್. ಇರಬೇಕೆಂಬುದು ಗುರಿ, ಆದ್ದರಿಂದ ಅದನ್ನು ಮಾಡಿದವರಿಗೆ ಬೆಲೆ ಇದೆ, ಬ್ಯಾಂಡ್ 6ರ ಬಾಗಿಲೂ ತೆರೆಯುತ್ತದೆ. ಆಮೇಲೆ ಆಂಬುಲೆನ್ಸಿನಲ್ಲಿ ಮಕ್ಕಳನ್ನು ಊರಿಂದೂರಿಗೆ ಒಯ್ಯುವ ತಂಡ, ಬೋಧನೆ, ಸಂಶೋಧನೆ, ಅಥವಾ ಮಾಸ್ಟರ್ಸ್ ಮಾಡಿ ಡಾಕ್ಟರ್‌ಗಳ ರೋಟಾದಲ್ಲೇ ನಿಂತು ಮಗುವಿಗೆ ಟ್ಯೂಬ್ ಹಾಕುವ ಅಡ್ವಾನ್ಸ್ಡ್ ನಿಯೋನೇಟಲ್ ನರ್ಸ್ ಪ್ರಾಕ್ಟೀಷನರ್. ಎಷ್ಟೋ ರಾತ್ರಿ ಹೊಸ ಡಾಕ್ಟರುಗಳಿಗೆ ಕೈ ಹಿಡಿದು ಹೇಳಿಕೊಡುವವರು ಇವರೇ.

ಸಂಶೋಧನೆ ಎಂದೆ, ನಮ್ಮೂರಿಗೆ ಸಂಬಂಧಿಸಿದ ಒಂದು ವಿಷಯ ಹೇಳುತ್ತೇನೆ. ಹುಟ್ಟುವಾಗ ಉಸಿರುಗಟ್ಟಿ ಮಿದುಳಿಗೆ ಪೆಟ್ಟಾದ ದಿನ ತುಂಬಿದ ಮಗುವನ್ನು 72 ಗಂಟೆ 33ರಿಂದ 34 ಡಿಗ್ರಿಯಲ್ಲಿ ತಣ್ಣಗಿಟ್ಟರೆ ಮಿದುಳು ಉಳಿಯುತ್ತದೆ ಎಂದು ಇಲ್ಲಿ ನಡೆದ ಟೋಬಿ ಅಧ್ಯಯನ 2009ರಲ್ಲಿ ಬಲವಾದ ಆಧಾರ ಕೊಟ್ಟಿತು. ಈಗ ಈ ದೇಶದಲ್ಲಿ ಅದು ಮಾಮೂಲಿ ಚಿಕಿತ್ಸೆ. ಇಂಪೀರಿಯಲ್ ಕಾಲೇಜಿನ ನೇತೃತ್ವದಲ್ಲಿ ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಮಕ್ಕಳಲ್ಲಿ ಪರೀಕ್ಷಿಸಿದರು. ಬೆಂಗಳೂರಿನ ಆಸ್ಪತ್ರೆಗಳೂ ಅದರಲ್ಲಿದ್ದವು. 2021ರಲ್ಲಿ ಫಲಿತಾಂಶ ಬಂದಾಗ ಅಲ್ಲಿ ತಣ್ಣಗಿಟ್ಟದ್ದರಿಂದ ಲಾಭವಾಗಲಿಲ್ಲ, ಸಾವು ಹೆಚ್ಚೇ ಆಗಿತ್ತು. ಲಂಡನ್ನಿನಲ್ಲಿ ಕಲಿತದ್ದನ್ನೆಲ್ಲ ಹಾಗೇ ಊರಿಗೆ ಹೊತ್ತೊಯ್ಯುವಂತಿಲ್ಲ ಎಂದು ಅವತ್ತು ಗೊತ್ತಾಯಿತು. ತಿರುಗಿ ನೋಡಿದರೆ, ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಮಗುವನ್ನು ಕಟ್ಟಿಕೊಳ್ಳುವ ಕಾಂಗರೂ ಆರೈಕೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್ಕ್ಯುಬೇಟರ್ ಸಾಲದೆ ಶುರುವಾದದ್ದು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಜಿಲ್ಲೆಗೇ ಅದನ್ನು ಮುಟ್ಟಿಸುವ ಕೆಲಸ ಮಾಡಿದರು. ಈಗ ಲಂಡನ್ನಿನ ಯುನಿಟ್‌ಗಳಲ್ಲಿ ನಾವೂ ದಿನಾ ಅದನ್ನೇ ಮಾಡಿಸುತ್ತೇವೆ.

ಕೊನೆಯದಾಗಿ ಕರ್ನಾಟಕದಲ್ಲಿ ಓದಿ ಬಂದ ನರ್ಸ್‌ಗಳಿಗೆ. ನಾನು ಬಂದಾಗ ಅಡಾಪ್ಟೇಷನ್ ಎಂದು ಕೆಲವು ತಿಂಗಳ ಮೇಲ್ವಿಚಾರಣೆಯ ಕೆಲಸವಿತ್ತು. 2014ರಿಂದ ಪರೀಕ್ಷೆಗಳು: ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಅಥವಾ ಓಇಟಿ, ಕಂಪ್ಯೂಟರ್ ಪರೀಕ್ಷೆ, ಆಮೇಲೆ ಇಲ್ಲಿ ಬಂದು ಓಸ್ಕಿ. ನಮ್ಮಲ್ಲಿ ಬಹುತೇಕರಿಗೆ ವಯಸ್ಕರ ನರ್ಸ್ ಎಂದು ನೋಂದಣಿಯಾಗುತ್ತದೆ. ಊರಿನಲ್ಲಿ ಐದು ವರ್ಷ ಎನ್.ಐ.ಸಿ.ಯು.ನಲ್ಲಿ ದುಡಿದವರು ಇಲ್ಲಿ ವಯಸ್ಸಾದವರ ವಾರ್ಡ್‌ನಲ್ಲೇ ಉಳಿದುಬಿಟ್ಟಿರುತ್ತಾರೆ. ನಾನೂ ಹಾಗೇ ಆರು ವರ್ಷ ಕಳೆದೆ. ಒಂದು ಆಸ್ಪತ್ರೆಯಲ್ಲಿ ವರ್ಗಾವಣೆ ಕೇಳಿದಾಗ "ನಿನಗೆ ಮಕ್ಕಳ ಅನುಭವ ಇಲ್ಲ" ಅಂದರು. ಊರಿನ ಅನುಭವ ನನ್ನ ಅರ್ಜಿಯಲ್ಲಿ ಒಂದೇ ಸಾಲಿನಲ್ಲಿತ್ತು, ನಾನೇ ಅದನ್ನು ಸಣ್ಣದು ಮಾಡಿ ಬರೆದಿದ್ದೆ. ಎರಡನೇ ಸಲ ಎಷ್ಟು ವಾರದ ಮಕ್ಕಳು, ಎಷ್ಟು ತೂಕ, ಯಾವ ಯಂತ್ರ, ಒಬ್ಬಳೇ ಎಷ್ಟು ಮಕ್ಕಳನ್ನು ನೋಡುತ್ತಿದ್ದೆ ಎಂದು ಬಿಡಿಸಿ ಬರೆದೆ. ಬೇರೆ ಆಸ್ಪತ್ರೆಯವರು ಕರೆದರು. ವಯಸ್ಕರ ನೋಂದಣಿ ಇಟ್ಟುಕೊಂಡೇ ಕ್ಯೂ.ಐ.ಎಸ್. ಮಾಡಿದೆ. ನೀವೂ ಬರೆಯಿರಿ, ಬರೆದದ್ದನ್ನು ನಾನು ಓದಿ ತಿದ್ದಿಕೊಡುತ್ತೇನೆ.

ಸಮಿತಿಯವರಲ್ಲಿ ಒಂದು ಕೋರಿಕೆ. ಇವತ್ತು ಸೇರುವ ಹಣದಲ್ಲಿ ಒಂದು ಸಣ್ಣ ಪಾಲನ್ನು ಪ್ಲೇಸ್‌ಮೆಂಟ್‌ಗೆ ದೂರ ಓಡಾಡುವ ವಿದ್ಯಾರ್ಥಿಗಳ ಬಸ್ಸು ಟ್ರೈನ್ ಖರ್ಚಿಗೆ ಇಟ್ಟರೆ ಉಪಕಾರ. ಖರ್ಚಿನ ಹಣ ಆಮೇಲೆ ವಾಪಸ್ ಬಂದರೂ ಮೊದಲು ಕೈಯಿಂದ ಹಾಕಬೇಕು, ಬೆಳಗಿನ ಏಳೂವರೆಯ ಪಾಳಿಗೆ ಹ್ಯಾರೋದಿಂದ ವೈಟ್‌ಚಾಪೆಲ್‌ಗೆ ಹೋಗುವ ಹುಡುಗಿಗೆ ಅದೇ ಭಾರ.

ಕಾರ್ ಪಾರ್ಕಿನಲ್ಲಿ ಕೇಳಿದ ಹುಡುಗಿಗೆ, ಮತ್ತು ಹಾಗೆ ಕೇಳಬೇಕೆಂದು ಕೇಳದೇ ಇರುವವರಿಗೆ: ಊಟವಾದ ಮೇಲೆ ನಾನು ಆ ಕೊನೆಯ ಮೇಜಿನ ಬಳಿ, ಕಾಫಿ ಫ್ಲಾಸ್ಕ್ ಪಕ್ಕದಲ್ಲಿ ಇರುತ್ತೇನೆ. ಅಪ್ಪ ಅಮ್ಮನನ್ನೂ ಕರೆದುಕೊಂಡು ಬಾ ಪುಟ್ಟಿ, ಅವರು ಕೇಳುವ ಪ್ರಶ್ನೆಗಳು ನನಗೆ ಗೊತ್ತು.